ಐದೇ ಫ್ರೆಟ್ ಬದಲಾಯಿಸಿದ ಗಿಟಾರ್: ಮಡಿಕೇರಿಯ ಮೂರು ಮಳೆಗಾಲಗಳ ನಂತರ

2013ರಲ್ಲಿ ಕೊಂಡ ನನ್ನ ಯಮಹಾ ಎಫ್310 ಗಿಟಾರಿನ ಮೊದಲ ಐದು ಫ್ರೆಟ್‌ಗಳನ್ನು (ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳನ್ನು) 2022ರ ಡಿಸೆಂಬರ್‌ನಲ್ಲಿ ಮೈಸೂರಿನ ರಿಪೇರಿಗಾರರೊಬ್ಬರಲ್ಲಿ ಬದಲಾಯಿಸಿಕೊಂಡೆ. ಇಪ್ಪತ್ತರಲ್ಲಿ ಐದನ್ನೇ ಏಕೆ, ಉಜ್ಜಿ ಮಟ್ಟ ಮಾಡಿಸಿದ್ದರೆ ಸಾಲುತ್ತಿರಲಿಲ್ಲವೇ ಎಂದು ನನ್ನಲ್ಲಿ ಕಲಿಯಲು ಬರುವ ಮಕ್ಕಳ ಪೋಷಕರು ಕೇಳುತ್ತಲೇ ಇರುವುದರಿಂದ, ಮೂರು ಮಳೆಗಾಲಗಳ ಬಳಕೆಯ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಾಠ ಹೇಳುವವರ ಗಿಟಾರ್ ಸವೆಯುವುದು ಮೇಲ್ತುದಿಯಲ್ಲಿ. ದಿನವಿಡೀ ಸಿ, ಎ ಮೈನರ್, ಡಿ ಕಾರ್ಡ್‌ಗಳನ್ನೇ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನೇ) ಹಿಡಿಯುವುದರಿಂದ ಮೊದಲ ಮೂರು ಫ್ರೆಟ್‌ಗಳಲ್ಲಿ, ಅದರಲ್ಲೂ ಬಿ ಮತ್ತು ಜಿ ತಂತಿಗಳ ಕೆಳಗೆ, ಸಣ್ಣ ತಗ್ಗುಗಳು ಬೀಳುತ್ತವೆ. ತಗ್ಗಿನಲ್ಲಿ ಕುಳಿತ ತಂತಿ ಮುಂದಿನ ಸವೆಯದ ಫ್ರೆಟ್‌ಗೆ ತಾಗಿ ಝರ್ ಎನ್ನುತ್ತದೆ. ಆದರೆ ಕೊಡಗಿನಲ್ಲಿ ಈ ಸದ್ದನ್ನು ಕೇಳಿದ ಕೂಡಲೇ ಸವೆತವೆಂದು ತೀರ್ಮಾನಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರಿದ ಮುಂಭಾಗದ ಹಲಗೆ ಉಬ್ಬಿ ತಂತಿಗಳು ಮೇಲೇರುತ್ತವೆ, ಆಗ ಸವೆತವಿದ್ದರೂ ಸದ್ದು ಅಡಗಿರುತ್ತದೆ. ಕಾಫಿ ಒಣಗಿಸುವ ಜನವರಿ, ಫೆಬ್ರವರಿಯಲ್ಲಿ ಹಲಗೆ ಕುಗ್ಗಿ ತಂತಿಗಳು ಇಳಿದಾಗ, ಸವೆತವಿಲ್ಲದ ಗಿಟಾರ್ ಕೂಡ ಸದ್ದು ಮಾಡಬಹುದು. ಯಾವುದೋ ಒಂದೆರಡು ಕಡೆ ಮಾತ್ರ ಸದ್ದು ಬಂದು, ಅಲ್ಲಿ ಉಗುರಿಗೆ ತಗ್ಗು ಸಿಕ್ಕರೆ ಮಾತ್ರ ಅದು ಫ್ರೆಟ್‌ನ ತೊಂದರೆ.

ಇದನ್ನು ನಾನು ಕಲಿತದ್ದು ನಷ್ಟ ಅನುಭವಿಸಿ. 2018ರ ಜುಲೈನಲ್ಲಿ, ಜಡಿಮಳೆಯ ನಡುವೆಯೇ ಬೇರೊಂದು ಊರಿನ ಅಂಗಡಿಗೆ ಲೆವೆಲಿಂಗ್‌ಗಾಗಿ (ಫ್ರೆಟ್‌ಗಳನ್ನು ಉಜ್ಜಿ ಮಟ್ಟ ಮಾಡಲು) ಗಿಟಾರ್ ಕೊಟ್ಟಿದ್ದೆ. ಲೆವೆಲಿಂಗ್‌ಗೆ ಮೊದಲು ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ತಿರುಗಿಸಿ ಕತ್ತನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಅಲ್ಲಿ ಅದನ್ನು ಮಾಡದೆ, ತೇವಕ್ಕೆ ಬಾಗಿದ್ದ ಕತ್ತಿನ ಮೇಲೆಯೇ ಉಜ್ಜಿದ್ದರು. ಚಪ್ಪಟೆಯಾದ ತಲೆಗಳನ್ನು ಮತ್ತೆ ದುಂಡಗೆ ಮಾಡುವ ಕ್ರೌನಿಂಗ್ ಕೂಡ ಅರೆಬರೆಯಾಗಿತ್ತು. ತಂತಿ ಫ್ರೆಟ್‌ನ ನಡುನೆತ್ತಿಯ ಮೇಲೆ ಕೂರದಿದ್ದರೆ ಸ್ವರ ತುಸು ಆಚೀಚೆ ಸರಿಯುತ್ತದೆ, ಮಕ್ಕಳ ಕಿವಿಗೆ ಆ ತಪ್ಪು ಸ್ವರವೇ ಸರಿಯೆನಿಸಿಬಿಡುತ್ತದೆ. ಆ ವಿಷಯದಲ್ಲಿ ನನಗೆ ಇಂದಿಗೂ ಬೇಸರವಿದೆ. ಮುಂದಿನ ಫೆಬ್ರವರಿಯಲ್ಲಿ ಏಳನೆಯ ಫ್ರೆಟ್‌ನ ಸುತ್ತ ಸದ್ದು ಶುರುವಾದಾಗ ಅದೇ ಅಂಗಡಿಯವರು ಒಡಲಿನ ಕಡೆ ತಂತಿಗಳನ್ನು ಹೊರುವ ಸ್ಯಾಡಲ್ ಪಟ್ಟಿಯನ್ನು ಎತ್ತರಿಸಿ ಕೊಟ್ಟರು. ಸದ್ದು ಹೋಯಿತು, ಬೆರಳು ನೋಯತೊಡಗಿತು.

ಮೈಸೂರಿನವರು ಫೋನಿನಲ್ಲಿಯೇ "ಮಳೆ ಪೂರ್ತಿ ನಿಲ್ಲಲಿ, ಆಮೇಲೆ ತನ್ನಿ" ಎಂದಿದ್ದರು. ಕೈಗೆ ತೆಗೆದುಕೊಂಡವರು ಮೊದಲು ಮಾಡಿದ್ದು ಅಳತೆ. ಸವೆಯದ ಜಾಗದಲ್ಲಿ ಫ್ರೆಟ್‌ನ ಎತ್ತರ 0.8 ಮಿಲಿಮೀಟರ್, ಎರಡನೆಯ ಫ್ರೆಟ್‌ನ ತಗ್ಗಿನ ಆಳ 0.3. ಲೆವೆಲಿಂಗ್ ಎಂದರೆ ಎಲ್ಲ ಫ್ರೆಟ್‌ಗಳನ್ನೂ ಅತ್ಯಂತ ಆಳವಾದ ತಗ್ಗಿನ ಮಟ್ಟಕ್ಕೆ ಇಳಿಸುವುದಾದ್ದರಿಂದ, ಉಜ್ಜಿದರೆ ಇಪ್ಪತ್ತರಲ್ಲೂ ಉಳಿಯುತ್ತಿದ್ದುದು 0.5 ಮಾತ್ರ. ಅಷ್ಟು ತಗ್ಗಿದ ಫ್ರೆಟ್‌ನ ಮೇಲೆ ಬೆರಳು ಮರಕ್ಕೇ ಒತ್ತಿ, ತಂತಿಯನ್ನು ಪಕ್ಕಕ್ಕೆಳೆದು ಸ್ವರ ಏರಿಸುವುದು ಕಷ್ಟವಾಗುತ್ತದೆ, ಮುಂದೆ ಉಜ್ಜಲು ಲೋಹವೂ ಉಳಿಯುವುದಿಲ್ಲ. ಇಪ್ಪತ್ತನ್ನೂ ಬದಲಾಯಿಸಿದರೆ ಖರ್ಚು ಗಿಟಾರಿನ ಬೆಲೆಯನ್ನೇ ಸಮೀಪಿಸುತ್ತಿತ್ತು. ಆರನೆಯದರಿಂದ ಕೆಳಗೆ ಸವೆತ ಹೆಸರಿಗಷ್ಟೇ ಇದ್ದುದರಿಂದ ಐದು ಸಾಕೆಂದು ನಿರ್ಧರಿಸಿದೆವು. ಸ್ಟೇನ್‌ಲೆಸ್ ಸ್ಟೀಲ್ ಹಾಕಿಸುವ ಆಸೆ ನನಗಿತ್ತು, ಅದು ಬಹುಕಾಲ ಬಾಳುತ್ತದೆ. ಆದರೆ ಉಳಿದ ಹದಿನೈದು ಮೆದುವಾದ ನಿಕಲ್ ಸಿಲ್ವರ್‌ನವು. (ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ಸತು, ನಿಕಲ್‌ಗಳ ಮಿಶ್ರಲೋಹ.) ಒಂದೇ ಫ್ರೆಟ್‌ಬೋರ್ಡ್ ಎರಡು ಬಗೆಯಾಗಿ ಸವೆಯಬಾರದೆಂದು ನಿಕಲ್ ಸಿಲ್ವರ್‌ನಲ್ಲೇ ಅದೇ ಅಗಲದ ಫ್ರೆಟ್ ಹಾಕಿಸಿದೆ.

ಹಳೆಯ ಫ್ರೆಟ್‌ಗಳನ್ನು ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ, ಮೂತಿ ಚಪ್ಪಟೆಯಾಗಿರುವ ಇಕ್ಕಳದಿಂದ ನಿಧಾನವಾಗಿ ಎತ್ತಿದರು. ಒಂದು ಕಡೆ ರೋಸ್‌ವುಡ್‌ನ ಸಿಬಿರು ಎದ್ದಿತು, ಅದನ್ನು ಅಂಟು ಹಾಕಿ ಕೂರಿಸಿದ್ದು ಈಗ ಗೊತ್ತೇ ಆಗುವುದಿಲ್ಲ. ಹೊಸವನ್ನು ಹಳೆಯವುಗಳ ಎತ್ತರಕ್ಕೆ ಉಜ್ಜಿ, ದುಂಡಗೆ ಮಾಡಿ, ಕೊನೆಗೆ 2000 ಗ್ರಿಟ್‌ನ ಉಪ್ಪುಕಾಗದದಲ್ಲಿ ಹೊಳಪು ಕೊಟ್ಟರು. ಕತ್ತಿನ ಮೇಲ್ತುದಿಯಲ್ಲಿ ತಂತಿಗಳನ್ನು ಹೊರುವ ನಟ್ ಪಟ್ಟಿಯ ಸೀಳುಗಳೂ ಸವೆದಿದ್ದರಿಂದ ಮೂಳೆಯ ಹೊಸ ನಟ್ ಕೂರಿಸಬೇಕಾಯಿತು. ಈ ಖರ್ಚನ್ನು ನಾನು ಮೊದಲು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲ ಸೇರಿ ಗಿಟಾರಿನ ಬೆಲೆಯ ಮೂರನೇ ಒಂದು ಭಾಗವಾಯಿತು, ಮಡಿಕೇರಿಯಿಂದ ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದದ್ದು ಬೇರೆ.

ಮೂರು ವರ್ಷಗಳಾದರೂ ಮೊದಲ ಸ್ಥಾನದ ಕಾರ್ಡ್‌ಗಳು ಸ್ವಚ್ಛವಾಗಿ ಕೇಳುತ್ತವೆ. ಎರಡನೆಯ ಫ್ರೆಟ್‌ನಲ್ಲಿ ಬಿ ತಂತಿಯ ಕೆಳಗೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಗೆರೆಯೊಂದಿದೆ, ಉಗುರಿಗೆ ಸಿಗುವುದಿಲ್ಲ. 12 ಗೇಜ್ ಬಿಟ್ಟು ಅದಕ್ಕಿಂತ ತೆಳುವಾದ 11 ಗೇಜ್ ತಂತಿ ಹಾಕುತ್ತಿರುವುದೂ, ಮಳೆಗಾಲದಲ್ಲಿ ತುಕ್ಕು ಕಂಡ ತಂತಿಯನ್ನು ಕೂಡಲೇ ತೆಗೆದುಹಾಕುತ್ತಿರುವುದೂ ಇದಕ್ಕೆ ನೆರವಾಗಿವೆ, ಏಕೆಂದರೆ ತುಕ್ಕು ಹಿಡಿದ ತಂತಿ ಫ್ರೆಟ್‌ನ ಮೇಲೆ ಅರದಂತೆ ಕೆಲಸ ಮಾಡುತ್ತದೆ. ಬೂಷ್ಟು ಹಿಡಿಯದಿರಲೆಂದು ಬಟ್ಟೆಯ ಅಲಮಾರಿಯಲ್ಲಿ ಬಲ್ಬ್ ಉರಿಸಿಡುವಂತೆ ಗಿಟಾರಿಗೆ ಮಾಡಬೇಡಿ, ಹತ್ತಿರದ ಶಾಖಕ್ಕೆ ಅಂಟು ಸಡಿಲವಾಗುತ್ತದೆ. ಕೇಸ್‌ನೊಳಗೆ ಸಿಲಿಕಾ ಜೆಲ್ ಇಟ್ಟು, ತೇವಮಾಪಕ 55 ಶೇಕಡಾದ ಆಸುಪಾಸು ತೋರಿಸುವಂತೆ ನಾನು ನೋಡಿಕೊಳ್ಳುತ್ತೇನೆ.

ಈಗ ಏಳನೆಯ ಫ್ರೆಟ್‌ನಲ್ಲಿ ತೆಳುವಾದ ತಗ್ಗು ಕಾಣತೊಡಗಿದೆ. ಆಳ 0.1 ಮಿಲಿಮೀಟರ್ ದಾಟಿಲ್ಲವಾದ್ದರಿಂದ ಅದಕ್ಕೆ ಲೆವೆಲಿಂಗ್ ಸಾಕು, ಬರುವ ಡಿಸೆಂಬರ್‌ನಲ್ಲಿ ಅವರಲ್ಲಿಯೇ ಮಾಡಿಸುತ್ತೇನೆ.