ಬ್ಲಾಸ್ಟ್: ದ್ವೀಪದ ಹಲ್ಲಿಗಳ ಗುಟ್ಟು ಬಿಡಿಸುವ ಉಚಿತ ಸೇವೆ

ಡಿಎನ್‌ಎ ಹೋಲಿಸಲು ನಾನು ಬಳಸುವುದು ಬ್ಲಾಸ್ಟ್, ಅಮೆರಿಕದ ಸರ್ಕಾರಿ ಜೈವಿಕ ಮಾಹಿತಿ ಕೇಂದ್ರ ಎನ್‌ಸಿಬಿಐನ ಜಾಲತಾಣ ಸೇವೆ. ದುಡ್ಡು ಕೊಡಬೇಕಿಲ್ಲ, ಖಾತೆಯೂ ಬೇಡ. ಡಿಎನ್‌ಎಯನ್ನು ಬರೆಯುವ ಎ, ಸಿ, ಜಿ, ಟಿ ಅಕ್ಷರಗಳ ಸಾಲನ್ನು ಪೆಟ್ಟಿಗೆಯಲ್ಲಿ ಅಂಟಿಸಿ ಬಟನ್ ಒತ್ತಿದರೆ ಸಾಕು, 1982ರಿಂದ ಜೆನ್‌ಬ್ಯಾಂಕ್ ಎಂಬ ಡಿಎನ್‌ಎ ಸಂಗ್ರಹದಲ್ಲಿ ಕೂಡಿಟ್ಟ ಮಾಹಿತಿ ಜೊತೆ ಹೋಲಿಸಿ, ಯಾವುದಕ್ಕೆ ಶೇಕಡಾ ಎಷ್ಟು ಹೊಂದುತ್ತದೆ ಎಂದು ಪಟ್ಟಿ ಮಾಡಿ ತೋರಿಸುತ್ತದೆ.

ಇಂಥ ಹೋಲಿಕೆಯ ಬೆಲೆ ತಿಳಿಯಬೇಕಾದರೆ ಪೆಸಿಫಿಕ್ ದ್ವೀಪಗಳ ಹಾವುರಾಣಿಗಳನ್ನು ನೋಡಿ. ಅವುಗಳಲ್ಲಿ ಎರಡು ಬಗೆ: ಎಮೋಯಿಯಾ ಸಯಾನ್ಯೂರಾ, ಎಮೋಯಿಯಾ ಇಂಪಾರ್. ಎರಡಕ್ಕೂ ಬೆನ್ನ ಮೇಲೆ ತೆಳು ಗೆರೆ, ನೀಲಿ ಛಾಯೆಯ ಬಾಲ, ಎಷ್ಟೋ ದ್ವೀಪಗಳಲ್ಲಿ ಒಟ್ಟಿಗೇ ಓಡಾಡುತ್ತವೆ. ಬಹಳ ಕಾಲ ಒಂದೇ ಪ್ರಭೇದ ಅಂದುಕೊಂಡಿದ್ದರು. ಡಿಎನ್‌ಎ ನೋಡಿದರೆ ಪೂರ್ತಿ ಬೇರೆ! ಹವಾಯಿಯಲ್ಲಿ ಇಂಪಾರ್ ಅಳಿದುಹೋಗಿದೆ ಎಂದು 2012ರಲ್ಲಿ ಘೋಷಿಸಿದರು. ಎರಡನ್ನೂ ಒಂದೇ ಹೆಸರಲ್ಲಿ ಎಣಿಸುತ್ತಿದ್ದರೆ ಹೋದದ್ದೂ ಗೊತ್ತಾಗುತ್ತಿರಲಿಲ್ಲ, ಅಲ್ವಾ? ಅದು ನನಗೆ ತುಂಬಾ ಸಂಕಟ ಕೊಡುವ ಮಾತು.

ಒಂದು ಎಚ್ಚರ. ಮಾಹಿತಿ ಸೇರಿಸಿದವರು ತಪ್ಪು ಹೆಸರು ಕೊಟ್ಟಿದ್ದರೆ ಫಲಿತಾಂಶದಲ್ಲೂ ಅದೇ ಬರುತ್ತದೆ, ಹಾಗಾಗಿ ಮೊದಲ ಸಾಲನ್ನೇ ಸುಮ್ನೆ ನಂಬಬೇಡಿ, ಕೆಳಗಿನವನ್ನೂ ನೋಡಿ, ಹಲ್ಲಿಯ ಹೊಟ್ಟೆಯ ಬಣ್ಣ, ಹುರುಪೆ ಎಲ್ಲ ಪರೀಕ್ಷಿಸಿ. ಬರೀ ಶೇಕಡಾ ಲೆಕ್ಕ ಇಟ್ಟುಕೊಂಡು ಹೊಸ ಪ್ರಭೇದ ಅನ್ನಲು ಆಗುವುದಿಲ್ಲ. ಮೊದಲ ಸಲ ಬಳಸುವವರು ಡಿಎನ್‌ಎಯನ್ನು ಡಿಎನ್‌ಎ ಜೊತೆಗೇ ಹೋಲಿಸುವ ನ್ಯೂಕ್ಲಿಯೋಟೈಡ್ ಬ್ಲಾಸ್ಟ್ ಆರಿಸಿಕೊಳ್ಳಿ.