16 ಕ್ಯಾಮೆರಾ ಇದ್ದ ಗೋದಾಮಿಗೂ ಕಳ್ಳರು ನುಗ್ಗಿದ್ದು ಹೇಗೆ?

ಗೋದಾಮಿಗೋ ಅಂಗಡಿಗೋ "ಉಚಿತ ಭದ್ರತಾ ಸರ್ವೆ" ಮಾಡಿಕೊಡುತ್ತೇವೆ ಎಂದು ಯಾರಾದರೂ ಬಂದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ.

ತಾಮ್ರದ ಕೇಬಲ್ ಇಡುವ ಗೋದಾಮು ಅದು. ಸರ್ವೆಗೆ ಬಂದವರು ಅರ್ಧ ಗಂಟೆಯಲ್ಲಿ 16 ಕ್ಯಾಮೆರಾಗಳ ಕೊಟೇಶನ್ ಬರೆದುಕೊಟ್ಟರು. ಹಿತ್ತಲ ಕಡೆಗೆ ಕಾಲಿಡಲೇ ಇಲ್ಲ. ಕಳ್ಳರು ಬಂದದ್ದು ಅಲ್ಲಿಂದಲೇ. ಹಿಂದಿನ ಶಟರಿಗೆ ಎರಡೂ ಬದಿಗೆ ಬೀಗವಿತ್ತು, ನಡುವೆ ಇರಲಿಲ್ಲ. ಅಗಲವಾದ ಶಟರನ್ನು ನಡುವೆ ಎತ್ತಿದರೆ ತಳಪಟ್ಟಿ ಬಿಲ್ಲಿನಂತೆ ಬಾಗಿ ಆಳು ನುಸುಳುವಷ್ಟು ಸಂದಿಯಾಗುತ್ತದೆ, ಬೀಗ ಮುರಿಯುವ ಅಗತ್ಯವೇ ಇಲ್ಲ. ಮೇನ್ ಸ್ವಿಚ್ ಹೊರಗೋಡೆಯಲ್ಲಿ ಬೀಗವಿಲ್ಲದೆ ಇತ್ತು. ಅದನ್ನು ಆರಿಸಿದ ಮೇಲೆ ಸೈರನ್ ಕೂಗಲಿಲ್ಲ, ಏಕೆಂದರೆ ಅಲಾರಂನ 12 ವೋಲ್ಟ್ ಬ್ಯಾಟರಿ ಎಂದೋ ಸತ್ತಿತ್ತು. ಕ್ಯಾಮೆರಾಗಳ ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಆಫೀಸ್ ಮೇಜಿನ ಮೇಲಿತ್ತು. ಮಾಲಿನ ಜೊತೆ ಅದೂ ಹೋಯಿತು. ರೆಕಾರ್ಡಿಂಗಿನ ಇನ್ನೊಂದು ಪ್ರತಿ ಬೇರೆಲ್ಲೂ ಇರಲಿಲ್ಲ.

ಇಲ್ಲಿ ಕೊರತೆಯಿದ್ದದ್ದು ಕ್ಯಾಮೆರಾದ್ದಲ್ಲ, ಸಮಯದ ಲೆಕ್ಕದ್ದು. ಅಲಾರಂ ಕೂಗಿದ ಕ್ಷಣದಿಂದ ಯಾರಾದರೂ ಸ್ಥಳಕ್ಕೆ ಬರಲು ಎಷ್ಟು ನಿಮಿಷ ಬೇಕು? ರಾತ್ರಿ ಹೊತ್ತು ನಿಜವಾಗಿ ಓಡಾಡಿ ಅಳೆಯಿರಿ. 15 ನಿಮಿಷವಾದರೆ, ಅಲಾರಂ ಕೂಗಿದ ಮೇಲೆ ಕಳ್ಳನಿಗೆ ಮಾಲು ಎತ್ತಿಕೊಂಡು ಹೊರಬೀಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬೇಕು. ಸೆನ್ಸರ್ ಒಳಗಿನ ಕೋಣೆಯಲ್ಲಿ ಮಾತ್ರ ಇದ್ದರೆ, ಅದು ಕೂಗುವಷ್ಟರಲ್ಲಿ ಶಟರ್ ತಡೆದ ಸಮಯವೆಲ್ಲ ವ್ಯರ್ಥವಾಗಿರುತ್ತದೆ. ಆದ್ದರಿಂದ ಪತ್ತೆ ಹೊರಗೆ, ತಡೆ ಒಳಗೆ. ಶಟರಿಗೆ ಕಂಪನ ಸೆನ್ಸರ್, ಒಳಗೆ ಬೆಲೆಬಾಳುವ ಮಾಲಿಗೆ ಬೇರೆಯೇ ಕಬ್ಬಿಣದ ಜಾಲರಿ ಕೋಣೆ.

ತಡೆಯೆಂದರೆ ಬರೀ ದಪ್ಪ ಬೀಗವಲ್ಲ. ಬೀಗಕ್ಕಿಂತ ಮೊದಲು ಕಿತ್ತುಬರುವುದು ಅದನ್ನು ಹಿಡಿದ ಪಟ್ಟಿ. ಮರದ ಬಾಗಿಲಾದರೆ ಸ್ಕ್ರೂ ಬದಲು ಬಾಗಿಲನ್ನು ತೂರಿ ಆಚೆ ಬರುವ ಬೋಲ್ಟ್ ಹಾಕಿ, ನಟ್ ಒಳಬದಿಗೆ ಬರಲಿ. ಶಟರಿಗೆ ನಡುವೆ ನೆಲದ ಬೀಗ ಸೇರಿಸಿ. ಆದರೆ ಜನ ಒಳಗಿರುವಾಗ ತುರ್ತು ದಾರಿಗೆ ಮಾತ್ರ ಎಂದೂ ಬೀಗ ಬೇಡ.

ಕ್ಯಾಮೆರಾ ಬೇಕೇ ಬೇಕು, ಆದರೆ ಎಣಿಕೆ ನೋಡಿ ಕೊಳ್ಳಬೇಡಿ. ಅಪರಿಚಿತನ ಮುಖ ಗುರುತಿಸಲು ಅವನು ನಿಂತ ಜಾಗದಲ್ಲಿ ಮೀಟರಿಗೆ ಸುಮಾರು 250 ಪಿಕ್ಸೆಲ್ (ಚಿತ್ರದ ಚುಕ್ಕಿ) ಸಿಗಬೇಕು. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ಏಳೂವರೆ ಮೀಟರ್ ಅಗಲದ ನೋಟಕ್ಕೆ ಮಾತ್ರ ಸಾಕು. ಇಡೀ ಅಂಗಳ ತೋರಿಸುವ ಕ್ಯಾಮೆರಾದಲ್ಲಿ ಕಾಣುವುದು ಮನುಷ್ಯನ ಆಕಾರವಷ್ಟೇ. ಬಾಗಿಲಿಗೆಂದೇ ಒಂದು ಕ್ಯಾಮೆರಾವನ್ನು ತೀರ ಎತ್ತರಕ್ಕಲ್ಲದೆ ಮುಖ ಸಿಗುವಂತೆ ಕೂರಿಸಿ. ಮೇಲಿನಿಂದ ಇಣುಕಿದರೆ ಟೋಪಿಯೊಂದೇ ಕಾಣುತ್ತದೆ.

ಕೊನೆಯ ಕಂತು ಕೊಡುವ ಮುನ್ನ, ಕೆಲಸ ಮಾಡಿದವರ ಎದುರೇ ಕತ್ತಲಾದ ಮೇಲೆ ಮೇನ್ ಆಫ್ ಮಾಡಿಸಿ, ಶಟರನ್ನು ಅಲುಗಾಡಿಸಿ. ಸೈರನ್ ಕೂಗಬೇಕು, ಫೋನಿಗೆ ಸೂಚನೆ ಬರಬೇಕು. ಬಾಗಿಲಲ್ಲಿ ಒಬ್ಬರನ್ನು ನಡೆಸಿ, ಆ ರೆಕಾರ್ಡಿಂಗ್ ಹೊರತೆಗೆದು ಮುಖವನ್ನೂ ಗಡಿಯಾರದ ಸಮಯವನ್ನೂ ತಾಳೆ ನೋಡಿ. ಡಿವಿಆರ್ ಬೀಗ ಹಾಕಿದ, ಗಾಳಿಯಾಡುವ ಕಪಾಟಿನೊಳಗೆ ಹೋಗುವವರೆಗೂ ಆ ಕಂತು ನಿಮ್ಮ ಬಳಿಯೇ ಇರಲಿ.