ಎರಡು ಪ್ರೊಸೆಸರ್, ಮೂರು ಕಾರ್ಡ್, ಮಂಡ್ಯದ ಒಂದೇ ಮೇಜು

ಆಷಾಢ ಬಂತು ಅಂದರೆ ಮದುವೆ ವಿಡಿಯೊ ಮಾಡುವ ನಮ್ಮಂಥವರ ಕೈ ಖಾಲಿ. ಆದರೆ 2024ರ ಆಷಾಢದಲ್ಲಿ ನನ್ನ ಮೇಜು ತುಂಬಿಹೋಗಿತ್ತು. ಅಕ್ಕನ ಮಗ ಇಂಟರ್ನ್‌ಶಿಪ್ ಅಂತ ಬೆಂಗಳೂರಿಗೆ ಹೋಗುವಾಗ, ಪಿಜಿಯಲ್ಲಿ ಜಾಗ ಇಲ್ಲವೆಂದು ತನ್ನ ಕಂಪ್ಯೂಟರನ್ನು ಏಪ್ರಿಲ್‌ನಲ್ಲೇ ಮಂಡ್ಯಕ್ಕೆ ತಂದು ನಮ್ಮ ಮನೆಯಲ್ಲಿ ಇಟ್ಟಿದ್ದ. ಮೈಸೂರಿನ ಅಗ್ರಹಾರದಲ್ಲಿ ಸ್ಟುಡಿಯೊ ಇಟ್ಟಿರುವ ಗೆಳೆಯ, "ಶ್ರಾವಣದವರೆಗೆ ಇದಕ್ಕೂ ಕೆಲಸ ಇಲ್ಲ, ನನಗೂ ಕೆಲಸ ಇಲ್ಲ. ತಗೊಂಡ್ಹೋಗಿ ನೋಡು" ಅಂತ ತನ್ನ ಎಡಿಟಿಂಗ್ ಮಷಿನ್ನೇ ಕೊಟ್ಟುಬಿಟ್ಟ. ನಮ್ಮ ಹಳೆಯದಕ್ಕೆ ಹತ್ತು ವರ್ಷ ದಾಟಿತ್ತು. ಹೊಸದು ತರುವ ಮೊದಲು ಇವೆರಡನ್ನೂ ಪಕ್ಕಪಕ್ಕ ಇಟ್ಟು ಒಂದು ತಿಂಗಳು ದುಡಿಸಿದೆ.

ಅಳಿಯನದು ಎಎಂಡಿ ರೈಜನ್ 5 5600 ಪ್ರೊಸೆಸರ್, ಜೊತೆಗೆ ಸ್ಕ್ರೀನಿಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್ ರೇಡಿಯಾನ್ ಆರ್‌ಎಕ್ಸ್ 6600. ಗೆಳೆಯನದು ಇಂಟೆಲ್ ಕೋರ್ ಐ5-12400, ಜೊತೆಗೆ ಎನ್‌ವಿಡಿಯಾ ಆರ್‌ಟಿಎಕ್ಸ್ 3060, 12 ಜಿಬಿಯದು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಳಸುವವರು ಎರಡೂವರೆ ಜನ. ನಾನು ಪ್ರೀಮಿಯರ್ ಪ್ರೊನಲ್ಲಿ ಮದುವೆ ವಿಡಿಯೊ ಕತ್ತರಿಸುತ್ತೇನೆ. ಮಗಳು ಎಂಜಿನಿಯರಿಂಗ್ ಎರಡನೇ ವರ್ಷ, ಮೂರು ಆಯಾಮದ ಚಿತ್ರ ಕಟ್ಟುವ ಬ್ಲೆಂಡರ್ ಸಾಫ್ಟ್‌ವೇರಿನ ಹುಚ್ಚು. ಅರ್ಧ ಅಂದರೆ ಅಳಿಯ. ರಜೆಗೆ ಬಂದಾಗ ಗೇಮ್ ಆಡುತ್ತಾನೆ, ಉಳಿದ ದಿನ ಫೋನಿನಲ್ಲಿ ಸಲಹೆ ಕೊಡುತ್ತಾನೆ.

ನಾನು ತಲೆ ಕೆಡಿಸಿಕೊಂಡಿದ್ದೆಲ್ಲ ಪ್ರೊಸೆಸರ್ ವೇಗದ ಬಗ್ಗೆ. ರಾತ್ರಿ ಹನ್ನೆರಡರವರೆಗೆ ವಿಡಿಯೊ ನೋಡಿದ್ದೇ ನೋಡಿದ್ದು. ಈಗ ನಗು ಬರುತ್ತದೆ. ಎರಡೂ 2022ರಲ್ಲಿ ಬಂದವು. ಎರಡಕ್ಕೂ ಲೆಕ್ಕ ಮಾಡುವ 6 ಕೋರ್, ಒಟ್ಟಿಗೆ ಕೆಲಸ ನಡೆಸಲು 12 ಥ್ರೆಡ್. ಟರ್ಬೊ, ಅಂದರೆ ಗರಿಷ್ಠ ವೇಗ ಎರಡಕ್ಕೂ 4.4 ಗಿಗಾಹರ್ಟ್ಸ್. ಇಷ್ಟು ಚೆನ್ನಾಗಿ ಜಾತಕ ಕೂಡಿಬಂದ ಜೋಡಿ ನಾನು ಮದುವೆ ಮನೆಗಳಲ್ಲೂ ನೋಡಿಲ್ಲ. ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿ, ಎಲ್3 ಕ್ಯಾಶ್, ಮಾತ್ರ ರೈಜನ್‌ಗೆ 32 ಎಂಬಿ, ಇಂಟೆಲ್‌ಗೆ 18. ಒಂದೇ ಕಾರ್ಡನ್ನು ಎರಡಕ್ಕೂ ಹಾಕಿ, ಒಂದೇ ಆರತಕ್ಷತೆ ವಿಡಿಯೊ ಎಕ್ಸ್‌ಪೋರ್ಟ್ ಮಾಡಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿದೆ. ಮೂರು ಸಲ ಮಾಡಿದೆ. ಕಾಫಿ ಬಿಸಿ ಮಾಡಿಕೊಂಡು ಬರುವಷ್ಟು ಹೊತ್ತಿನ ವ್ಯತ್ಯಾಸವೂ ಇರಲಿಲ್ಲ.

ಆದರೆ ಹಾಗೆ ಕಾರ್ಡ್ ಬದಲಿಸುವಾಗ ಒಂದು ಪಾಠ ಆಯಿತು. ಅಳಿಯನ ಮಷಿನ್ನಿನಿಂದ ಕಾರ್ಡ್ ತೆಗೆದು ಗೆಳೆಯನದಕ್ಕೆ ಹಾಕಿದೆ. ಸಂಜೆ ಮಗಳು ಅವನ ಮಷಿನ್ ಆನ್ ಮಾಡಿದರೆ ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಕಪ್ಪು. ಎಚ್‌ಡಿಎಂಐ ಕೇಬಲನ್ನು ಮದರ್‌ಬೋರ್ಡಿನ ಪೋರ್ಟ್‌ಗೇ ಸಿಕ್ಕಿಸಿದ್ದೆವು. ಅರ್ಧ ಗಂಟೆ ಕೇಬಲ್ ಅಲ್ಲಾಡಿಸಿದೆವು, ರ‍್ಯಾಮ್ ತೆಗೆದು ಒರೆಸಿದೆವು. ಕೊನೆಗೆ ಅಳಿಯನಿಗೆ ಫೋನ್.

"ಮಾವ, 5600ಗೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಚಿತ್ರ ಎಲ್ಲಿಂದ ಬರುತ್ತೆ?"

ಪೋರ್ಟ್ ಇದೆ, ಚಿತ್ರ ಇಲ್ಲ. ಇಂಟೆಲ್‌ನಲ್ಲೂ ಇದೇ ಕಥೆ ಇದೆ. ಹೆಸರಿನ ಕೊನೆಗೆ ಎಫ್ ಅಕ್ಷರ ಇದ್ದರೆ, ಅಂದರೆ 12400ಎಫ್, ಒಳಗಿನ ಗ್ರಾಫಿಕ್ಸ್ ಬಂದ್. ಎಫ್ ಇಲ್ಲದ್ದರಲ್ಲಿ ಯುಎಚ್‌ಡಿ 730 ಅಂತ ಒಂದು ಪುಟ್ಟ ಗ್ರಾಫಿಕ್ಸ್ ಇರುತ್ತದೆ. ಅಂಗಡಿಯಲ್ಲಿ ವಿಚಾರಿಸಿದಾಗ ಇವೆರಡರ ನಡುವೆ ಎರಡು ಮೂರು ಸಾವಿರ ರೂಪಾಯಿ ವ್ಯತ್ಯಾಸ ಹೇಳಿದ್ದರು. "ಕಾರ್ಡ್ ಹೇಗೂ ಹಾಕ್ತೀರಲ್ಲ, ಎಫ್ ತಗೊಳ್ಳಿ" ಅಂತಲೇ ಎಲ್ಲರ ಸಲಹೆ. ನಾನೂ ಒಪ್ಪಿಕೊಂಡಿದ್ದೆ.

ಆ ಪುಟ್ಟ ಗ್ರಾಫಿಕ್ಸೇ ನನ್ನ ತೀರ್ಮಾನ ಬದಲಿಸಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗೇಮ್ ಆಡುವವರ ಹೋಲಿಕೆಗಳಲ್ಲಿ ಇದು ಬರುವುದೇ ಇಲ್ಲ.

ಗೆಳೆಯನ ಕ್ಯಾಮೆರಾ ಎಚ್‌ಇವಿಸಿ ಅನ್ನುವ ವಿಡಿಯೊ ಫಾರ್ಮ್ಯಾಟ್‌ನಲ್ಲಿ, 10 ಬಿಟ್, 4:2:2 ಬಣ್ಣದಲ್ಲಿ ರೆಕಾರ್ಡ್ ಮಾಡುತ್ತದೆ. ನಮ್ಮ ಮೊಬೈಲ್‌ಗಳು ಸಾಮಾನ್ಯವಾಗಿ ಮಾಡುವುದು 4:2:0. ಅದಕ್ಕಿಂತ ಇದರಲ್ಲಿ ಬಣ್ಣದ ವಿವರ ಜಾಸ್ತಿ. ರೇಷ್ಮೆ ಸೀರೆಯ ಅಂಚು, ಅರಿಶಿನ ಮೆತ್ತಿದ ಮುಖ, ಇಂಥವನ್ನು ಆಮೇಲೆ ತಿದ್ದುವಾಗ ಅನುಕೂಲ. ಆದರೆ ಈ ಫೈಲನ್ನು ಬಿಡಿಸಿ ತೋರಿಸುವ ಭಾಗ ಆರ್‌ಎಕ್ಸ್ 6600ರಲ್ಲೂ ಇಲ್ಲ, ಆರ್‌ಟಿಎಕ್ಸ್ 3060ರಲ್ಲೂ ಇಲ್ಲ. ಎನ್‌ವಿಡಿಯಾ ಅದನ್ನು ಸೇರಿಸಿದ್ದು 2025ರ 50 ಸರಣಿಯಲ್ಲಿ. ಈ ಎರಡು ಮಷಿನ್‌ಗಳಲ್ಲಿ ಅದು ಇರುವುದು ಇಂಟೆಲ್‌ನ ಆ ಬಡಪಾಯಿ ಯುಎಚ್‌ಡಿ 730ರಲ್ಲಿ ಮಾತ್ರ. ಕ್ವಿಕ್ ಸಿಂಕ್ ಅಂತ ಅದರ ಹೆಸರು.

ಅಳಿಯನ ಮಷಿನ್ನಿನಲ್ಲಿ ಧಾರೆಯ ಕ್ಲಿಪ್ ಹಾಕಿ ಟೈಮ್‌ಲೈನ್ ಎಳೆದರೆ, ವಧುವಿನ ಕೈ ಮೇಲೆದ್ದು ನಿಂತುಬಿಡುತ್ತಿತ್ತು. ಎರಡು ಸೆಕೆಂಡ್ ಆದ ಮೇಲೆ ನೀರು ಬೀಳುತ್ತಿತ್ತು. ಗೆಳೆಯನ ಮಷಿನ್ನಿನಲ್ಲಿ ಅದೇ ಕ್ಲಿಪ್ ಬೆಣ್ಣೆ. ಇದು ಒಳಗಿನ ಗ್ರಾಫಿಕ್ಸ್‌ನ ಕೆಲಸ ಅಂತ ನನಗೆ ನಂಬಿಕೆ ಬರಲಿಲ್ಲ. ಬಯಾಸ್‌ಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗೆ ಹೋಗಿ ಅದನ್ನು ಆಫ್ ಮಾಡಿದೆ. ಕ್ಲಿಪ್ ಕುಂಟಿತು. ಮತ್ತೆ ಆನ್ ಮಾಡಿದೆ, ಓಡಿತು. ಅಲ್ಲಿಗೆ ಮುಗಿಯಿತು.

ಎರಡು ಮಾತು ಸೇರಿಸಬೇಕು. ಕಾರ್ಡ್ ಹಾಕಿದ ತಕ್ಷಣ ಎಷ್ಟೋ ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಮಲಗಿಸಿಬಿಡುತ್ತವೆ. ಬಯಾಸ್‌ನಲ್ಲಿ ಐಜಿಪಿಯು ಮಲ್ಟಿ-ಮಾನಿಟರ್ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಹುಡುಕಿ ಎಬ್ಬಿಸಬೇಕು. ಇನ್ನೊಂದು, ನಿಮ್ಮ ಕ್ಯಾಮೆರಾ 4:2:2 ಅನ್ನು ಹಳೇ ಎಚ್.264ರಲ್ಲಿ ಬರೆಯುತ್ತಿದ್ದರೆ ಇದೂ ಕೈ ಹಿಡಿಯುವುದಿಲ್ಲ. ಆಗ ಪ್ರಾಕ್ಸಿ ಫೈಲ್, ಅಂದರೆ ಹಗುರವಾದ ನಕಲು ಮಾಡಿಕೊಂಡೇ ಎಡಿಟ್ ಮಾಡಬೇಕು. ಬರೀ ಮೊಬೈಲ್ ವಿಡಿಯೊ ಕತ್ತರಿಸುವವರಿಗೆ ಈ ರಗಳೆ ಯಾವುದೂ ಇಲ್ಲ. ಅವರು 5600 ತೆಗೆದುಕೊಂಡರೂ ನಷ್ಟ ಇಲ್ಲ.

ಬಿಸಿಯ ವಿಷಯ. ನಮ್ಮದು ಮೇಲ್ಮಹಡಿಯ ಕೋಣೆ, ತಲೆ ಮೇಲೆ ಕಾದ ಆರ್‌ಸಿಸಿ. 2024ರ ಬೇಸಿಗೆ ಹೇಗಿತ್ತು ಅಂತ ಗೊತ್ತಲ್ಲ. ಬಾಕ್ಸ್ ಜೊತೆ ಬಂದ ಫ್ಯಾನಿನಲ್ಲಿ 5600 ಎಕ್ಸ್‌ಪೋರ್ಟ್ ಹೊತ್ತಿಗೆ 85 ಡಿಗ್ರಿ ಮುಟ್ಟುತ್ತಿತ್ತು. ಅದರ ಮಿತಿ 90. ಕೆಡಲಿಲ್ಲ, ಆದರೆ ಮಿಕ್ಸಿ ಪಕ್ಕ ಕೂತ ಹಾಗೆ ಸದ್ದು. 12400ಗೆ ಆ ಬೇಸಿಗೆ ಸಿಗಲಿಲ್ಲ, ಅದು ಬಂದಿದ್ದು ಜುಲೈನಲ್ಲಿ. ಹಾಗಾಗಿ ಈ ಸುತ್ತಿನಲ್ಲಿ ಯಾರು ಗೆದ್ದರು ಅಂತ ಹೇಳಿದರೆ ಮೋಸ ಆಗುತ್ತದೆ. ಅದರ ಬಾಕ್ಸ್ ಫ್ಯಾನೂ ಸದ್ದಿನಲ್ಲಿ ಏನು ಕಡಿಮೆ ಇಲ್ಲ. ಎರಡಕ್ಕೂ ಎರಡು ಸಾವಿರದೊಳಗಿನ ಟವರ್ ಕೂಲರ್ ಹಾಕಿಸುವುದೇ ಮೇಲು.

ಹಾಗೆ ಅಳಿಯನ ಮಷಿನ್ನಿಗೆ ಕೂಲರ್ ಬದಲಿಸಲು ಹೋಗಿ ನನ್ನ ಎದೆ ಧಸಕ್ಕೆಂದಿತು. ಹಳೇ ಕೂಲರ್ ಎಳೆದರೆ, ಲಾಕ್ ಹಾಕಿದ್ದ ಪ್ರೊಸೆಸರೂ ನಡುವೆ ಬಿಸಿ ಸಾಗಿಸುವ ಪೇಸ್ಟ್‌ಗೆ ಅಂಟಿಕೊಂಡು ಕಿತ್ತು ಬಂತು. 5600ನಂಥ, ಎಎಂ4 ಸಾಕೆಟ್ಟಿನಲ್ಲಿ ಕೂರುವ ಪ್ರೊಸೆಸರ್‌ಗಳಲ್ಲಿ ಪಿನ್ ಇರುವುದು ಪ್ರೊಸೆಸರ್ ಹೊಟ್ಟೆಯಲ್ಲಿ. ಒಂದು ಪಿನ್ ಬಗ್ಗಿತ್ತು. ಎಟಿಎಂ ಕಾರ್ಡಿನ ಅಂಚಿನಿಂದ ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ತಪ್ಪು ನನ್ನದೇ. ಮೊದಲು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬಿಸಿ ಮಾಡಿಕೊಂಡು, ಕೂಲರನ್ನು ಅತ್ತಿತ್ತ ತಿರುಗಿಸಿ ಬಿಡಿಸಬೇಕಿತ್ತು. ಅಳಿಯನಿಗೆ ಇದನ್ನು ಇವತ್ತಿಗೂ ಹೇಳಿಲ್ಲ. 12400 ಕೂರುವ ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಪಿನ್‌ಗಳು ಬೋರ್ಡಿನ ಮೇಲಿರುತ್ತವೆ. ಅಲ್ಲಿ ಬಗ್ಗಿಸಿದರೆ ಬೋರ್ಡೇ ಹೋಯಿತು, ಅದು ಬೇರೆ ಮಾತು.

ಸುದ್ದಿಯಲ್ಲಿ ಆಗಷ್ಟೇ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್‌ಗಳ ತೊಂದರೆ ಓಡುತ್ತಿತ್ತು. ವೋಲ್ಟೇಜ್ ಜಾಸ್ತಿ ಹೋಗಿ ಕೆಲವು ಹಾಳಾಗುತ್ತಿದ್ದವು. ಆಗಸ್ಟ್‌ನಲ್ಲಿ ಕಂಪನಿ ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. 12400 ಸೇರಿದ 12ನೇ ತಲೆಮಾರಿಗೆ ಆ ಕಾಟ ಇರಲಿಲ್ಲ. ಹಳೇದು ತೆಗೆದುಕೊಳ್ಳುತ್ತಿದ್ದೇನೆ ಅನ್ನುವ ಅಳುಕು ಅಲ್ಲಿಗೆ ಹೋಯಿತು. ರೈಜನ್ 5 7600 ಕೂಡ ಮನಸ್ಸಿನಲ್ಲಿತ್ತು. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ಇದ್ದರೆ ಅದು ಕೂರುವ ಎಎಂ5 ಬೋರ್ಡೇ ಸರಿ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಆಗ ಬೋರ್ಡೂ ದುಬಾರಿಯಿತ್ತು. ನಾನು ಹತ್ತು ವರ್ಷ ಒಂದೇ ಕಂಪ್ಯೂಟರ್ ತಿಕ್ಕುವವನು. ನನಗ್ಯಾಕೆ?

ಇನ್ನು ಕಾರ್ಡ್. ಗೇಮ್ ಮಟ್ಟಿಗೆ ನಮ್ಮ ಫುಲ್ ಎಚ್‌ಡಿ ಮಾನಿಟರಿನಲ್ಲಿ 6600ಗೂ 3060ಗೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಅಳಿಯ ಒಂದು ಭಾನುವಾರ ಬಂದು ಆಡಿದ, ಅವನಿಗೂ ಕಾಣಲಿಲ್ಲ. ಒಪ್ಪಿಕೊಳ್ಳಲಿಲ್ಲ ಅಷ್ಟೇ. ಆಗ 6600 ಅಗ್ಗವಿತ್ತು. ತಿನ್ನುವುದೂ ಕಡಿಮೆ, 132 ವಾಟ್. 3060ಯದು 170. ದಿನಕ್ಕೆ 4 ಗಂಟೆ ಆಡಿದರೂ ತಿಂಗಳಿಗೆ 5 ಯೂನಿಟ್‌ನ ವ್ಯತ್ಯಾಸ ಬರುವುದಿಲ್ಲ. ಕರೆಂಟ್ ಬಿಲ್ ನೋಡಿ ಕಾರ್ಡ್ ಆರಿಸಬೇಡಿ.

ಮಗಳ ಕೆಲಸದಲ್ಲಿ ಮಾತ್ರ ಅಜಗಜಾಂತರ. ಮಂಡ್ಯದಿಂದ 25 ಕಿಲೋಮೀಟರ್ ದೂರದ ಬಸರಾಳಿನಲ್ಲಿ 1234ರ ಹೊಯ್ಸಳರ ಮಲ್ಲಿಕಾರ್ಜುನ ದೇವಸ್ಥಾನ ಇದೆ. ಅದರ ಹೊರಗೋಡೆಯ ಒಂದು ಭಾಗವನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕು ಅಂತ ಅವಳ ಹಟ. ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಆನೆಗಳ ಸಾಲು, ಕುದುರೆಗಳ ಸಾಲು, ಒಂದೊಂದಕ್ಕೂ ನಾಲ್ಕಾರು ಕಡೆಯಿಂದ ಮೊಬೈಲಿನಲ್ಲಿ ಮುನ್ನೂರಕ್ಕೂ ಹೆಚ್ಚು ಫೋಟೊ ತೆಗೆದಳು. ಫೋಟೊಗಳನ್ನು ಜೋಡಿಸಿ ಮೂರು ಆಯಾಮದ ಆಕಾರ ಮಾಡಿಕೊಡುವ ಮೆಶ್‌ರೂಮ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರ ಮುಖ್ಯ ಹಂತ ಓಡಬೇಕಾದರೆ ಎನ್‌ವಿಡಿಯಾ ಕಾರ್ಡ್‌ಗಳಲ್ಲಷ್ಟೇ ಇರುವ 'ಕೂಡಾ' (CUDA) ಅನ್ನುವ ವ್ಯವಸ್ಥೆ ಬೇಕೇ ಬೇಕು. 6600 ಹಾಕಿದ್ದ ಮಷಿನ್ ಆ ಹಂತಕ್ಕೆ ಬಂದು ಕೈ ಎತ್ತಿತು. ಅದರ ಶಕ್ತಿ ಸಾಲದೆ ಅಲ್ಲ. ಭಾಷೆ ಬೇರೆ, ಅಷ್ಟೇ. 3060ಯಲ್ಲಿ ರಾತ್ರಿ ಬಿಟ್ಟು ಮಲಗಿದೆವು, ಬೆಳಿಗ್ಗೆ ಏಳುವಷ್ಟರಲ್ಲಿ ಆನೆಗಳು ನಿಂತಿದ್ದವು.

ಆಮೇಲೆ ಬ್ಲೆಂಡರ್. 6600ರಲ್ಲೂ ಬ್ಲೆಂಡರ್ ಓಡುತ್ತದೆ, ಹಿಪ್ ಅಂತ ಎಎಂಡಿಯದೇ ದಾರಿ ಇದೆ. ಆದರೆ ಬ್ಲೆಂಡರಿನ ಸೈಕಲ್ಸ್ ಎಂಜಿನ್ನಿನಲ್ಲಿ ರೆಂಡರ್ ಮಾಡುವಾಗ, ಅಂದರೆ ಅಂತಿಮ ಚಿತ್ರ ತೆಗೆಯುವಾಗ, 3060 ಎನ್‌ವಿಡಿಯಾದ ಆಪ್ಟಿಕ್ಸ್ ದಾರಿ ಹಿಡಿದು ಬಹಳ ಮುಂದೆ ಓಡಿತು. ಗೋಡೆಗೆ ಪೂರ್ತಿ ಟೆಕ್ಸ್‌ಚರ್, ಅಂದರೆ ಕಲ್ಲಿನ ಮೇಲ್ಮೈ ಚಿತ್ರ, ಹಾಕಿದಾಗ 6600ರ 8 ಜಿಬಿ ಮೆಮೊರಿ ಸಾಲದೆ ರೆಂಡರ್ ಅರ್ಧಕ್ಕೇ ನಿಂತಿತು. ಟೆಕ್ಸ್‌ಚರ್ ಚಿಕ್ಕದು ಮಾಡಿದ ಮೇಲೆ ನಡೆಯಿತು, ಕಲ್ಲಿನ ಸಣ್ಣ ಕೆತ್ತನೆ ಮಸುಕಾಯಿತು. "ಅಪ್ಪ, ಇದು ಸಿಮೆಂಟ್ ಥರ ಕಾಣ್ತಿದೆ" ಅಂದಳು. 12 ಜಿಬಿಯಲ್ಲಿ ಬಳಪದ ಕಲ್ಲು ಬಳಪದ ಕಲ್ಲಿನಂತೆಯೇ ಕಂಡಿತು.

ಮೂರನೆಯ ಕಾರ್ಡ್ ಇಂಟೆಲ್ ಆರ್ಕ್ ಎ750. ಪರಿಚಯದವರೊಬ್ಬರು ಒಂದು ವಾರಕ್ಕೆ ಕೊಟ್ಟಿದ್ದರು. ವಿಡಿಯೊ ಕೆಲಸಕ್ಕೆ ಜಾಣ ಕಾರ್ಡ್. 4:2:2 ಬಿಡಿಸುತ್ತದೆ, ಎವಿ1 ಅನ್ನುವ ಹೊಸ ವಿಡಿಯೊ ಫಾರ್ಮ್ಯಾಟ್‌ನಲ್ಲಿ ಎಕ್ಸ್‌ಪೋರ್ಟೂ ಮಾಡುತ್ತದೆ. ಆದರೆ ಮೆಶ್‌ರೂಮ್‌ಗೆ ಇದೂ ಆಗದು. ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಬಳಸಲು ಬಿಡುವ ರೀಸೈಜಬಲ್ ಬಾರ್ ಸೌಲಭ್ಯ ಇಲ್ಲದ ಹಳೇ ಬೋರ್ಡ್‌ಗೆ ಹಾಕಿದರೆ ದಂಡ. ಮೇಲಾಗಿ 225 ವಾಟ್. ನಮ್ಮ 600 ವಿಎ ಯುಪಿಎಸ್ ಹೊರುವುದೇ 360 ವಾಟ್. ಗೇಮ್ ಶುರು ಮಾಡಿದರೆ ಅದು ಕೂಗಿಕೊಳ್ಳುತ್ತಿತ್ತು. ಆರ್‌ಟಿಎಕ್ಸ್ 4060 ಅನ್ನು ಮೈಸೂರಿನ ಅಂಗಡಿಯಲ್ಲಿ ಒಂದು ಸಂಜೆ ನೋಡಿದ್ದಷ್ಟೇ. 115 ವಾಟ್‌ಗೆ ಅಷ್ಟು ವೇಗ, ಮೆಚ್ಚಬೇಕಾದ್ದೇ. ಆದರೆ 8 ಜಿಬಿ. ಬಸರಾಳಿನ ಗೋಡೆ ನೋಡಿದ ಮೇಲೆ ನನಗೆ 8 ಬೇಡವಾಗಿತ್ತು.

ಯುಪಿಎಸ್ ಮಾತು ಬಂತಲ್ಲ, ಇನ್ವರ್ಟರ್ ಇರುವವರು ಅದರ ಹಿಂಭಾಗ ಒಮ್ಮೆ ನೋಡಿ. ಇಕೊ, ಯುಪಿಎಸ್ ಅಂತ ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಇಲ್ಲದಿದ್ದರೆ ಕರೆಂಟ್ ಹೋದ ಆ ಚೂರು ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿ ಆನ್ ಆಗುತ್ತದೆ. ಎರಡು ರೆಂಡರ್ ಕಳೆದುಕೊಂಡ ಮೇಲೆ ಗೊತ್ತಾಗಿದ್ದು.

ಕೊನೆಗೆ ತಂದಿದ್ದು ಎಫ್ ಇಲ್ಲದ 12400, ಬಾಕ್ಸ್ ಪೀಸು, 3 ವರ್ಷ ವಾರಂಟಿಯದು. 32 ಜಿಬಿ ಡಿಡಿಆರ್4. 3060, 12 ಜಿಬಿ. 550 ವಾಟ್ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕಡಿಮೆಗೆ ಸಿಗುತ್ತಿತ್ತು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಇಂಥ ಕಾರ್ಡ್‌ಗಳಿಂದ ಮಾಡುತ್ತಿದ್ದ ಈಥೀರಿಯಂ ಡಿಜಿಟಲ್ ನಾಣ್ಯದ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡ್‌ಗಳೆಲ್ಲ ಮಾರುಕಟ್ಟೆಗೆ ಬಂದಿದ್ದವು. ಧೈರ್ಯ ಸಾಲಲಿಲ್ಲ. ಬಸ್ಸಿನಲ್ಲಿ ಹೋಗಿ ಬರಬಹುದು ಅಂತ ಮೈಸೂರಿನಲ್ಲೇ, ಬಿಲ್ ಸಮೇತ ತೆಗೆದುಕೊಂಡೆ.

ಶ್ರಾವಣಕ್ಕೆ ಗೆಳೆಯನ ಮಷಿನ್ ವಾಪಸ್ ಹೋಯಿತು. ಅಳಿಯನೂ ಬಂದ. ದಾರಿಯ ಕುಲುಕಾಟಕ್ಕೆ ಸ್ಲಾಟ್ ಕಿತ್ತುಹೋಗದಿರಲಿ ಅಂತ ಕಾರ್ಡ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಟ್ಟೆ. ಅವನಿಗೆ ಆ 5600, ಆ 6600 ಸಾಕು, ಬದಲಿಸಬೇಡ ಅಂತಲೂ ಹೇಳಿದೆ. ಅವನು ಕ್ಯಾಬಿನೆಟ್ ಒಳಗೆ ಬೆರಳಾಡಿಸಿ ನೋಡಿದ. ಬೆರಳು ಕಪ್ಪಾಗಿತ್ತು.

"ಇದೇನು ಮಾವ, ಮಸಿ?"

"ಆಲೆಮನೆ ಬೂದಿ ಕಣೋ. ಮಂಡ್ಯದ ಕಂಪ್ಯೂಟರ್ ಅಂದ್ಮೇಲೆ ಅಷ್ಟೂ ಇರಲ್ವಾ?"